ತಲೆಯ ಮೇಲೆ ಹಾದ ತಂತಿ, ಮನೆಯೊಳಗೆ ಬಂದ ದೀಪ

ಸಂಜೆ ಆಯಿತೆಂದರೆ ಸ್ವಿಚ್ಚು ಒತ್ತುತ್ತೀರಿ, ದೀಪ ಹತ್ತುತ್ತದೆ. ಹತ್ತದಿದ್ದರೆ "ಕರೆಂಟು ಹೋಯ್ತು" ಎಂದು ಗೊಣಗುತ್ತಾ ಹೊರಗೆ ಬಂದು, ಪಕ್ಕದ ಮನೆಯವರದೂ ಹೋಗಿದೆಯೋ ಹೇಗೆ ಎಂದು ಇಣುಕಿ ನೋಡುತ್ತೀರಿ. ಅವರದೂ ಹೋಗಿದ್ದರೆ ಮನಸ್ಸಿಗೆ ಒಂದು ಬಗೆಯ ಸಮಾಧಾನ! ಈ ದೀಪ ನಿಮ್ಮ ಮನೆಗೆ ಎಲ್ಲಿಂದ ಬಂತು, ಯಾವ ದಾರಿ ಹಿಡಿದು ಬಂತು, ಮೊದಲು ಯಾರ ಯಾರ ಮನೆ ಮುಗಿಸಿಕೊಂಡು ಬಂತು ಎಂಬುದು ಒಂದು ದೊಡ್ಡ ಕಥೆ. ಇವತ್ತು ಆ ಕಥೆಯನ್ನು ಹೇಳೋಣ.

ನೂರಿಪ್ಪತ್ತು ವರ್ಷಗಳ ಹಿಂದಕ್ಕೆ ಹೋಗೋಣ. ಆಗ ನಮ್ಮ ಹಳ್ಳಿಗಳಲ್ಲಿ ಬೆಳಕು ಎಂದರೆ ಹರಳೆಣ್ಣೆ ಇಲ್ಲವೆ ಹೊಂಗೆಎಣ್ಣೆಯ ಹಣತೆ. ಸೀಮೆಎಣ್ಣೆ ಆಗತಾನೆ ಬಳಕೆಗೆ ಬರುತ್ತಿತ್ತು. ಸ್ವಲ್ಪ ಅನುಕೂಲಸ್ಥರ ಮನೆಯಲ್ಲಿ ಲಾಟೀನು, ಉಳಿದವರ ಮನೆಯಲ್ಲಿ ಬುಡ್ಡಿ ದೀಪ. ಬುಡ್ಡಿಯ ಹೊಗೆಗೆ ಗೋಡೆ ಕಪ್ಪು, ಮೂಗಿನ ಹೊಳ್ಳೆ ಕಪ್ಪು. ಹೊತ್ತು ಮುಳುಗುವುದರೊಳಗೆ ಅಡುಗೆ ಮುಗಿಸಿ, ಉಂಡು, ದೀಪ ಆರಿಸಿ ಮಲಗುವುದೇ ಲಾಭ. ಬೆಂಗಳೂರಿನಂಥ ಪಟ್ಟಣದ ಬೀದಿಗಳಲ್ಲಿಯೂ ಎಣ್ಣೆ ದೀಪವೇ. ಸಾಯಂಕಾಲ ಒಬ್ಬ ಆಳು ಏಣಿ ಹೊತ್ತುಕೊಂಡು ಬಂದು ಕಂಬ ಕಂಬಕ್ಕೂ ಹತ್ತಿ ದೀಪ ಹಚ್ಚಿ ಹೋಗಬೇಕಾಗಿತ್ತು.

ಆ ಕಾಲದಲ್ಲಿ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ಸಂಸ್ಥಾನದ ಒಂದು ಮೂಲೆಯಲ್ಲಿ, ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ, ಕಾವೇರಿ ತಾಯಿ ಎರಡು ಕವಲಾಗಿ ಗಗನಚುಕ್ಕಿ ಭರಚುಕ್ಕಿ ಎಂದು ಧುಮುಕುತ್ತಿದ್ದಳು. ಇನ್ನೊಂದು ಮೂಲೆಯಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ, ಜಾನ್ ಟೇಲರ್ ಕಂಪನಿಯವರು ನೆಲ ಅಗೆದು ಕಲ್ಲು ಕುಟ್ಟಿ ಚಿನ್ನ ತೆಗೆಯುತ್ತಿದ್ದರು. ಕಲ್ಲು ಕುಟ್ಟಲು, ಆಳದಿಂದ ನೀರು ಎತ್ತಲು ಅವರಿಗೆ ಹಗಲೂ ರಾತ್ರಿ ಯಂತ್ರ ನಡೆಯಬೇಕು. ಯಂತ್ರ ನಡೆಯಲು ಉಗಿ ಬೇಕು. ಉಗಿಗೆ ಕಲ್ಲಿದ್ದಲು ಸೌದೆ ಬೇಕು. ಕಲ್ಲಿದ್ದಲು ಬಲು ದೂರದಿಂದ ಬರಬೇಕು. ಒಂದು ಕಡೆ ದುಡ್ಡಿಲ್ಲದೆ ಹರಿದುಹೋಗುವ ಶಕ್ತಿ, ಇನ್ನೊಂದು ಕಡೆ ದುಡ್ಡು ಕೊಟ್ಟು ಕೊಳ್ಳಲು ಸಿದ್ಧವಾಗಿ ಕೂತ ಗಿರಾಕಿ. ನಡುವೆ ತೊಂಬತ್ತೆರಡು ಮೈಲಿ.

ಈ ತೊಂಬತ್ತೆರಡು ಮೈಲಿಯನ್ನು ದಾಟುವ ಉಪಾಯವನ್ನು ಮುಂದಿಟ್ಟವರು ಸಂಸ್ಥಾನದ ಡೆಪ್ಯುಟಿ ಚೀಫ್ ಇಂಜಿನಿಯರ್ ಆಗಿದ್ದ ಜೋಲಿ ಡಿ ಲೋಟ್ಬಿನಿಯೇರ್ ಎಂಬ ಅಧಿಕಾರಿ. ಅಮೆರಿಕದ ನಯಾಗರಾ ಜಲಪಾತದಿಂದ ಬಫೆಲೋ ಎಂಬ ಊರಿಗೆ ಇಪ್ಪತ್ತು ಚಿಲ್ಲರೆ ಮೈಲಿ ವಿದ್ಯುಚ್ಛಕ್ತಿ ಕಳಿಸಿ ಆಗಿನ್ನೂ ನಾಲ್ಕಾರು ವರ್ಷ ಆಗಿತ್ತು ಅಷ್ಟೆ. ಅದು 1896ರ ಮಾತು. ಅದರ ನಾಲ್ಕು ಪಾಲು ದೂರಕ್ಕೆ ನಾವು ಕಳಿಸೋಣ ಎಂದರೆ ನಗುವವರೇ ಹೆಚ್ಚು. ದಿವಾನರು ನಗಲಿಲ್ಲ. ಯಂತ್ರಗಳನ್ನು ಅಮೆರಿಕದಿಂದ, ಯೂರೋಪಿನಿಂದ ತರಿಸಿದರು. ರೈಲು ಮುಟ್ಟುವ ಜಾಗದವರೆಗೆ ರೈಲಿನಲ್ಲಿ ಬಂತು. ಅಲ್ಲಿಂದ ಮುಂದಕ್ಕೆ ಎತ್ತು, ಆನೆಗಳೇ ಗತಿ. ಶಿವನಸಮುದ್ರ ಆಗ ಚಳಿಜ್ವರದ ಕಾಡುಸೀಮೆ. ಕಾಲುವೆ ತೋಡಿದವರು, ಬಂಡೆ ಒಡೆದವರು, ಕಬ್ಬಿಣದ ಕೊಳವೆ ಇಳಿಸಿದವರು ನಮ್ಮ ನಿಮ್ಮಂಥ ಕೂಲಿಯವರೇ. ಅವರ ಹೆಸರು ಯಾವ ಕಲ್ಲಿನ ಮೇಲೂ ಕೆತ್ತಿದ್ದು ಕಾಣಲಿಲ್ಲ.

ಸುಮಾರು 400 ಅಡಿ ಎತ್ತರದಿಂದ ನೀರು ಕೊಳವೆಯಲ್ಲಿ ಇಳಿದು ಚಕ್ರ ತಿರುಗಿಸಬೇಕು. ಚಕ್ರ ವಿದ್ಯುತ್ ಯಂತ್ರವನ್ನು ತಿರುಗಿಸಬೇಕು. ಒಂದೊಂದೂ 720 ಕಿಲೋವಾಟಿನ ಆರು ಯಂತ್ರ ಮೊದಲಿಗೆ ಕೂತವು. 1902ರ ಜೂನ್ 30ರಂದು ಶಿವನಸಮುದ್ರದಿಂದ ಹೊರಟ ಶಕ್ತಿ ಕೋಲಾರದ ಗಣಿ ಮುಟ್ಟಿತು. ಆಗಿನ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. ಇದನ್ನು ಕಣ್ಣಾರೆ ನೋಡುವ ಯೋಗ ಶೇಷಾದ್ರಿ ಅಯ್ಯರ್ ಅವರಿಗೆ ಇರಲಿಲ್ಲ. 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು.

ಈಗ ಒಂದು ಮಾತು ಯೋಚನೆ ಮಾಡಿ. ಆ ತಂತಿ ಮಳವಳ್ಳಿ ಸೀಮೆಯಿಂದ ಕೋಲಾರ ಸೀಮೆಯವರೆಗೆ ಎಷ್ಟು ಹೊಲ, ಎಷ್ಟು ತೋಪು, ಎಷ್ಟು ಹಳ್ಳಿಯ ಮಗ್ಗುಲಲ್ಲಿ ಹಾದುಹೋಗಿರಬೇಕು! ರಾಗಿ ಹೊಲದಲ್ಲಿ ಕಂಬ ನಿಂತಿತು. ಕಂಬದ ನೆರಳಿನಲ್ಲಿ ದನ ಮಲಗಿತು. ಆದರೆ ಕಂಬದ ಬುಡದ ಗುಡಿಸಿಲಿನಲ್ಲಿ ಅದೇ ಬುಡ್ಡಿ ದೀಪ. ತಲೆಯ ಮೇಲೆ ಸಾವಿರಾರು ದೀಪ ಹತ್ತಿಸುವಷ್ಟು ಶಕ್ತಿ ಹಗಲೂ ಇರುಳೂ ಹರಿಯುತ್ತಿದ್ದರೂ ಕೆಳಗೆ ಒಂದು ಹನಿ ಇಳಿಯಲಿಲ್ಲ. "ಒಂದು ತಂತಿ ಎಳೆದುಕೊಂಡಿದ್ದರೆ ಆಗುತ್ತಿರಲಿಲ್ಲವೇ?" ಎಂದು ಕೇಳುತ್ತೀರಿ. ಆಗುತ್ತಿರಲಿಲ್ಲ. ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು; ಇದು ತಿಳಿದರೆ ನಿಮ್ಮ ಊರಿನ ಕಂಬಗಳೂ ಅರ್ಥವಾಗುತ್ತವೆ.

ಕೆರೆಯಿಂದ ಬಹಳ ದೂರದ ಗದ್ದೆಗೆ ಮಣ್ಣಿನ ಕಾಲುವೆಯಲ್ಲಿ ನೀರು ಬಿಟ್ಟರೆ ಏನಾಗುತ್ತದೆ? ದಾರಿಯಲ್ಲಿಯೇ ಇಂಗಿ ಹೋಗಿ ತುದಿಗೆ ಮುಟ್ಟುವುದು ಅರ್ಧವೋ ಕಾಲೋ. ತಂತಿಯಲ್ಲಿಯೂ ಹಾಗೆಯೇ. ಕರೆಂಟು ಹರಿಯುವಾಗ ತಂತಿ ಬಿಸಿಯಾಗುತ್ತದೆ. ಆ ಬಿಸಿ ಎಂದರೆ ನಮ್ಮ ಕೈ ತಪ್ಪಿದ ಶಕ್ತಿ. ಹರಿಯುವ ಪ್ರಮಾಣ ಎರಡು ಪಾಲಾದರೆ ನಷ್ಟ ನಾಲ್ಕು ಪಾಲು, ಮೂರು ಪಾಲಾದರೆ ನಷ್ಟ ಒಂಬತ್ತು ಪಾಲು. ಇದಕ್ಕೆ ಇಂಜಿನಿಯರುಗಳು ಕಂಡುಕೊಂಡ ಉಪಾಯ ಒತ್ತಡವನ್ನು ಏರಿಸುವುದು. ಆ ಒತ್ತಡಕ್ಕೇ ವೋಲ್ಟೇಜು ಎನ್ನುತ್ತೇವೆ. ಒತ್ತಡ ಏರಿಸಿದಷ್ಟೂ ಅದೇ ಶಕ್ತಿಯನ್ನು ಕಡಿಮೆ ಹರಿವಿನಲ್ಲಿ ಸಾಗಿಸಬಹುದು. ನಮ್ಮ ಮನೆಯ 230 ವೋಲ್ಟಿನ ಬದಲು ಸುಮಾರು 35,000 ವೋಲ್ಟಿನಲ್ಲಿ ಕಳಿಸಿದರೆ ಹರಿವು ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಷ್ಟವಂತೂ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಶಿವನಸಮುದ್ರದ ಲೈನಿಗೆ ಕೊಟ್ಟದ್ದು ಹೆಚ್ಚುಕಡಿಮೆ ಅಷ್ಟೇ ಒತ್ತಡ. ಒತ್ತಡ ಏರಿಸಲು ಶಿವನಸಮುದ್ರದಲ್ಲಿ ಒಂದು ಟ್ರಾನ್ಸ್‌ಫಾರ್ಮರು, ಇಳಿಸಲು ಗಣಿಯಲ್ಲಿ ಇನ್ನೊಂದು.

ಅಂಥ ತಂತಿಯಿಂದ ನೇರವಾಗಿ ಗುಡಿಸಿಲಿಗೆ ಎಳೆದರೆ ದೀಪವೂ ಇರದು, ಗುಡಿಸಿಲೂ ಇರದು. ಅದನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಬೇಕು, ಊರೊಳಗೆ ಬೇರೆ ಕಂಬ, ಬೇರೆ ತಂತಿ ಬೇಕು, ನೋಡಿಕೊಳ್ಳುವ ಆಳು ಬೇಕು. ಇಷ್ಟೆಲ್ಲ ಖರ್ಚು ಮಾಡಿ ಒಂದು ಹಳ್ಳಿಯಲ್ಲಿ ಇಪ್ಪತ್ತು ಬಲ್ಬು, ಅದೂ ಸಂಜೆ ಮೂರು ನಾಲ್ಕು ಗಂಟೆ ಉರಿದರೆ, ಹಾಕಿದ ಹಣ ಹುಟ್ಟುವುದು ಯಾವ ಕಾಲಕ್ಕೆ? ಯಂತ್ರವೋ ಇಪ್ಪತ್ನಾಲ್ಕು ಗಂಟೆ ತಿರುಗುತ್ತದೆ, ದೀಪಕ್ಕೆ ಬೇಕಾದದ್ದು ನಾಲ್ಕು ಗಂಟೆ. ಗಣಿಯಾದರೆ ಹಗಲೂ ರಾತ್ರಿ ಒಂದೇ ಸಮನೆ ಕೊಳ್ಳುತ್ತದೆ. ಇದು ಸರ್ಕಾರದ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ, ಆದರೆ ಆ ಲೆಕ್ಕದಲ್ಲಿ ಹಳ್ಳಿಗೆ ಜಾಗವೂ ಇರಲಿಲ್ಲ. ದುಡಿಮೆಗೆ ಶಕ್ತಿ ಬೇಕಾದ ಕಡೆಗೆ ಮೊದಲು ತಂತಿ ಹೋಯಿತು, ದೀಪ ಅದರ ಬೆನ್ನು ಹಿಡಿದು ಹೋಯಿತು. ಮುಂದಿನ ಎಪ್ಪತ್ತು ವರ್ಷವೂ ಬಹುಮಟ್ಟಿಗೆ ಹೀಗೆಯೇ ನಡೆಯಿತು.

ಗಣಿಗೆ ಕೊಟ್ಟು ಮಿಕ್ಕ ಶಕ್ತಿ ಬೆಂಗಳೂರಿಗೆ ಬಂತು. 1905ರ ಆಗಸ್ಟ್ 5ರಂದು ಬೆಂಗಳೂರು ನಗರದಲ್ಲಿ ವಿದ್ಯುದ್ದೀಪ ಹತ್ತಿತು. ಏಷ್ಯಾ ಖಂಡದಲ್ಲೇ ಮೊದಲ ವಿದ್ಯುದ್ದೀಪ ಬೆಂಗಳೂರಿನದು ಎಂದು ಹೇಳುವವರಿದ್ದಾರೆ. ಅಭಿಮಾನ ಇರಲಿ, ಆದರೆ ಡಾರ್ಜಿಲಿಂಗಿನಲ್ಲಿ 1897ರಲ್ಲಿಯೇ, ಕಲ್ಕತ್ತೆಯಲ್ಲಿ 1899ರಲ್ಲಿಯೇ ವಿದ್ಯುಚ್ಛಕ್ತಿ ಬಂದಿತ್ತು. ತೊಂಬತ್ತು ಮೈಲಿ ದೂರಕ್ಕೆ ಶಕ್ತಿ ಸಾಗಿಸಿದ ಹಿರಿಮೆಯೇ ನಮಗೆ ಸಾಕಷ್ಟಿದೆ, ಇನ್ನೊಬ್ಬರದನ್ನು ಕಸಿಯಬೇಕಾಗಿಲ್ಲ. ಮೈಸೂರಿಗೆ 1908ರಲ್ಲಿ ದೀಪ ಬಂತು. ಇಂದಿಗೂ ದಸರೆಗೆ ಹೋದವರು ಅರಮನೆಯ ಮೇಲೆ ಉರಿಯುವ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ.

ಇಷ್ಟರಲ್ಲಿ ಒಂದು ತೊಡಕು ಎದುರಾಯಿತು. ಬೇಸಿಗೆ ಬಂತೆಂದರೆ ಕಾವೇರಿ ಸೊರಗುತ್ತಿದ್ದಳು, ಶಿವನಸಮುದ್ರದ ಚಕ್ರಕ್ಕೆ ನೀರು ಸಾಲದು, ಗಣಿಯವರು ತಕರಾರು ತೆಗೆಯುತ್ತಿದ್ದರು. ವರ್ಷವಿಡೀ ಸಮನಾಗಿ ನೀರು ಬಿಡಬೇಕಾದರೆ ಮೇಲೆ ಎಲ್ಲಾದರೂ ನೀರು ಕಟ್ಟಿ ನಿಲ್ಲಿಸಬೇಕು. ಚೀಫ್ ಇಂಜಿನಿಯರ್ ವಿಶ್ವೇಶ್ವರಯ್ಯನವರು ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಬೇಕೆಂದು ವಾದಿಸಿದಾಗ ಮುಂದಿಟ್ಟ ಮುಖ್ಯ ಕಾರಣಗಳಲ್ಲಿ ಇದೂ ಒಂದು. 1911ರಲ್ಲಿ ಕೆಲಸ ಸುರುವಾಯಿತು. ಮಂಡ್ಯ ಸೀಮೆಯ ಕಬ್ಬು ಭತ್ತದ ಗದ್ದೆಗೆ ಹರಿಯುವ ಇವತ್ತಿನ ನಾಲೆ ನೀರಿನ ಹಿಂದೆ ಕೋಲಾರದ ಚಿನ್ನದ ಕಲ್ಲು ಕುಟ್ಟುವ ಯಂತ್ರವೂ ಇದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಹಳ್ಳಿಗೆ ಬರೋಣ. ಮಿರ್ಜಾ ಇಸ್ಮಾಯಿಲ್ ಅವರು 1926ರಿಂದ 1941ರವರೆಗೆ ದಿವಾನರಾಗಿದ್ದಾಗ ಹಳ್ಳಿಗಳಿಗೂ ದೀಪ ಕೊಡಬೇಕೆಂಬ ಪ್ರಯತ್ನ ಸಂಸ್ಥಾನದಲ್ಲಿ ಬಿರುಸಾಯಿತು. ಲೈನಿಗೆ ಹತ್ತಿರವಿದ್ದ ಊರುಗಳಿಗೆ ಅದೃಷ್ಟ ಕುದುರಿತು. 1940ರಲ್ಲಿ ಶಿಂಷಾ, 1948ರಲ್ಲಿ ಜೋಗ ಶಕ್ತಿ ಕೊಡತೊಡಗಿದವು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ, 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. 1960ರ ದಶಕದ ನಡುವಿನಲ್ಲಿ ಶರಾವತಿಯ ದೊಡ್ಡ ಯೋಜನೆ ಬಂತು. ಶಕ್ತಿ ಹೆಚ್ಚಿದರೂ ಹಳ್ಳಿಗೆ ತಂತಿ ಎಳೆಯಲು ಒಂದು ನೆವ ಬೇಕಾಗಿತ್ತಲ್ಲ, ಆ ನೆವ ಕೊಟ್ಟದ್ದು ಪಂಪ್‌ಸೆಟ್ಟು. ಬಾವಿಗೆ ಪಂಪು ಕೂರಿಸುವವರು ಹತ್ತು ಮಂದಿ ಒಂದು ಊರಿನಲ್ಲಿ ಸಿಕ್ಕರೆ ಟ್ರಾನ್ಸ್‌ಫಾರ್ಮರಿಗೆ ಹಗಲು ಹೊತ್ತಿನ ಕೆಲಸ ಸಿಕ್ಕಿತು, ಹಾಕಿದ ಹಣಕ್ಕೆ ಒಂದು ಅರ್ಥ ಬಂತು. ಕಪಿಲೆ ಹೊಡೆಯುವುದು ನಿಂತಿತು. ಜೊತೆಗೆ ಊರೊಳಗೆ ನಾಲ್ಕು ಕಂಬ, ಹತ್ತು ಮನೆಗೆ ದೀಪ. ಹಳ್ಳಿಗೆ ಬೆಳಕು ಬಂದದ್ದು ನೀರೆತ್ತುವ ಯಂತ್ರದ ನಂಟನಾಗಿ.

ಹತ್ತು ಮನೆಗೆ ಎಂದೆ. ಉಳಿದ ಮನೆ? ಊರಿಗೆ ಕರೆಂಟು ಬಂದಿದೆ ಎಂದು ಕಾಗದದ ಮೇಲೆ ಬರೆದಾಗ, ಗೌಡರ ಮನೆ, ಶ್ಯಾನುಭೋಗರ ಮನೆ, ದೇವಸ್ಥಾನ, ಶಾಲೆ, ಅಂಗಡಿ ಬೀದಿ ಇಷ್ಟರಲ್ಲಿ ತಂತಿ ಮುಗಿದುಹೋಗುತ್ತಿತ್ತು. ಊರಾಚೆಯ ಕೇರಿಗೆ ಇನ್ನೆರಡು ಕಂಬ ನೆಡಬೇಕಾಗಿತ್ತು; ಅವು ಎಷ್ಟೋ ಊರುಗಳಲ್ಲಿ ಹತ್ತಿಪ್ಪತ್ತು ವರ್ಷ ತಡವಾಗಿ ಬಂದವು. ಬಂದರೂ ಮನೆಯೊಳಗಿನ ವೈರಿಂಗಿಗೆ ಕಾಸಿಲ್ಲ, ಠೇವಣಿಗೆ ಕಾಸಿಲ್ಲ. ಇನ್ನೂ ನೋವಿನ ಮಾತು ಎಂದರೆ, ಶರಾವತಿ ಹಿನ್ನೀರಿನಲ್ಲಿ ಮನೆ ಹೊಲ ಮುಳುಗಿಸಿಕೊಂಡು ನಾಡಿಗೆಲ್ಲ ಬೆಳಕು ಕೊಟ್ಟ ಕುಟುಂಬಗಳಲ್ಲಿ ಅನೇಕರು ಬಹಳ ವರ್ಷ ಚಿಮಣಿ ದೀಪದಲ್ಲಿಯೇ ಕಾಲ ಹಾಕಿದರು.

ಈ ಲೆಕ್ಕವನ್ನು ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಮುರಿದದ್ದು 1979ರಲ್ಲಿ ಹೊರಟ ಭಾಗ್ಯಜ್ಯೋತಿ ಯೋಜನೆ. ಬಡವರ ಮನೆಗೆ ಒಂದು ದೀಪ, ಒಂದೇ ಒಂದು. ಪಂಪಿಲ್ಲ, ಗಿರಣಿಯಿಲ್ಲ, ಹಣ ಹುಟ್ಟುವ ಮಾತಿಲ್ಲ. ಒಂದೇ ಬಲ್ಬಾದ್ದರಿಂದ ಅಡುಗೆಮನೆಗೂ ನಡುಮನೆಗೂ ಬೆಳಕು ಬೀಳಲಿ ಎಂದು ಜನ ಅದನ್ನು ಬಾಗಿಲ ಮೇಲೆ, ಮೋಟುಗೋಡೆಯ ಮೇಲೆ ತೂಗುಹಾಕಿಕೊಂಡರು. ಇಂಜಿನಿಯರಿಗೆ ತೋಚದ ಉಪಾಯ ಮನೆಯ ಹೆಂಗಸಿಗೆ ತೋಚಿತು. ಆಮೇಲೆ ಕುಟೀರಜ್ಯೋತಿ, 2017ರಲ್ಲಿ ಸೌಭಾಗ್ಯ ಎಂದು ಕೇಂದ್ರದ ಯೋಜನೆಗಳೂ ಬಂದವು. ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗಳಿಗಾಗಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ 2023ರಲ್ಲಿ ಬಂತು.

ಪಂಪಿನ ನಂಟು ಉಪಕಾರದ ಜೊತೆಗೆ ಒಂದು ಕಾಟವನ್ನೂ ತಂದಿತ್ತು. ಮನೆಗೂ ಪಂಪಿಗೂ ಒಂದೇ ಲೈನು. ಪಂಪಿಗೆ ಮೂರು ಫೇಸು ಬೇಕು, ಮನೆಯ ದೀಪಕ್ಕೆ ಒಂದು ಸಾಕು. ಶಕ್ತಿ ಸಾಲದಾದಾಗ ತ್ರೀ ಫೇಸನ್ನು ಕೆಲವೇ ಗಂಟೆ ಕೊಟ್ಟು, ರಾತ್ರಿ ದೀಪಕ್ಕೆಂದು ಸಿಂಗಲ್ ಫೇಸ್ ಬಿಡತೊಡಗಿದರು. ಒಣಗುವ ಬೆಳೆ ಕಣ್ಣ ಮುಂದೆ ಇರುವಾಗ ರೈತ ಸುಮ್ಮನಿರುತ್ತಾನೆಯೇ? ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಪಂಪು ಓಡಿಸಿದ. ಒಂದೇ ತಂತಿಯ ಮೇಲೆ ಎಲ್ಲರ ಭಾರ ಬಿತ್ತು. ಮನೆಯ ಬಲ್ಬು ಕೆಂಪಗೆ ಮಂಕಾಯಿತು, ಓದುವ ಹುಡುಗ ಪುಸ್ತಕ ಮುಚ್ಚಿದ, ಟಿ.ಸಿ. ಸುಟ್ಟಿತು, ಊರಿಗೆ ಊರೇ ವಾರಗಟ್ಟಲೆ ಕತ್ತಲಾಯಿತು. ತಪ್ಪು ರೈತನದು ಎಂದು ಹೇಳುವುದು ಸುಲಭ. ಒಂದೇ ನಾಲೆಯಲ್ಲಿ ಕುಡಿಯುವ ನೀರನ್ನೂ ಗದ್ದೆಯ ನೀರನ್ನೂ ಬಿಟ್ಟು, ಗದ್ದೆಗೆ ತಿರುಗಿಸಬೇಡಿ ಎಂದರೆ ಎಷ್ಟು ದಿನ ನಡೆದೀತು? ಕೊನೆಗೆ ನಿರಂತರಜ್ಯೋತಿ ಎಂಬ ಯೋಜನೆಯಲ್ಲಿ ಊರಿನ ಲೈನನ್ನೂ ಪಂಪ್‌ಸೆಟ್ಟಿನ ಲೈನನ್ನೂ ಬೇರೆ ಮಾಡುವ ಕೆಲಸ ನಡೆಯಿತು. ಇದು ಮೊದಲೇ ಆಗಬೇಕಾಗಿದ್ದ ಕೆಲಸ.

ಇವತ್ತು ನಿಮ್ಮ ಊರಿಗೆ ಬೆಳಕು ಬರುವ ದಾರಿ ನೋಡಿ. ದೂರದಿಂದ ಎತ್ತರದ ಗೋಪುರಗಳ ಮೇಲೆ ಲಕ್ಷಗಟ್ಟಲೆ ವೋಲ್ಟಿನಲ್ಲಿ ಬಂದದ್ದು ಒಂದೊಂದು ಸಬ್‌ಸ್ಟೇಷನ್ನಿನಲ್ಲಿ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಹೋಬಳಿಯ ಸಬ್‌ಸ್ಟೇಷನ್ನಿನಿಂದ 11,000 ವೋಲ್ಟಿನ ಲೈನು ಹೊಲದ ಮೇಲೆ ಹಾದು ಊರ ಟಿ.ಸಿ.ಗೆ ಮುಟ್ಟುತ್ತದೆ. ಅಲ್ಲಿ ಇಳಿದು ಮೂರು ಫೇಸು, ಒಂದು ನ್ಯೂಟ್ರಲ್ ಆಗಿ ಬೀದಿಗೆ ಬರುತ್ತದೆ. ಒಂದು ಫೇಸು, ಒಂದು ನ್ಯೂಟ್ರಲ್ ಸೇರಿ 230 ವೋಲ್ಟಾಗಿ ನಿಮ್ಮ ಮನೆಯ ಮೀಟರು ಹೊಗುತ್ತದೆ. ಗಾಳಿ ಮಳೆಗೆ ನ್ಯೂಟ್ರಲ್ ಕಡಿದಾಗ ಕೆಲವು ಮನೆಯ ದೀಪ ಝಗ್ಗೆಂದು ಉರಿದು ಸುಟ್ಟು, ಬೇರೆ ಕೆಲವು ಮನೆಯ ದೀಪ ಮಂಕಾಗುವುದನ್ನು ನೀವೇ ಕಂಡಿರಬಹುದು. ಆಗ ಮೊದಲು ಮೇನ್ ಸ್ವಿಚ್ ಆರಿಸಿ, ಲೈನ್‌ಮನ್ನಿಗೆ ಹೇಳಿಕಳಿಸಿ. ಕಂಬ ಹತ್ತುವ ಸಾಹಸ ಬೇಡ.

ಬಲ್ಬೂ ಬದಲಾಯಿತು. ಹಳೆಯ 60 ವಾಟಿನ ಬಲ್ಬು ತಂತಿಯನ್ನು ಕಾಯಿಸಿ ಬೆಳಕು ಕೊಡುತ್ತಿತ್ತು; ಮುಟ್ಟಿದರೆ ಕೈ ಸುಡುತ್ತಿತ್ತಲ್ಲ, ತಿಂದ ಶಕ್ತಿಯಲ್ಲಿ ಬಹುಪಾಲು ಹಾಗೆ ಬಿಸಿಯಾಗಿಯೇ ಹೋಗುತ್ತಿತ್ತು. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ ಅದಕ್ಕೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್.ಇ.ಡಿ. ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಡ. ಯಾವ ಗಣಿಗಾಗಿ ಇದೆಲ್ಲ ಸುರುವಾಯಿತೋ ಆ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದರ ಹಿಂದೆ ಬಂದ ದೀಪ ಮಾತ್ರ ಇನ್ನೂ ಹಟ್ಟಿ ಹಟ್ಟಿಗೆ ನಡೆದಿದೆ.

ಹೋಗುವ ಮುನ್ನ ಒಂದು ಮಾತು. ಮೀಟರಿನವರೆಗಿನ ದಾರಿ ಕಂಪನಿಯವರದು, ಅಲ್ಲಿಂದ ಒಳಗೆ ನಿಮ್ಮದು. ಫ್ಯೂಸು ಹೋದಾಗ ಕೈಗೆ ಸಿಕ್ಕ ದಪ್ಪ ತಂತಿ ಸುತ್ತಿ ಕೂರಿಸುವ ಪದ್ಧತಿ ಇನ್ನೂ ಎಷ್ಟೋ ಮನೆಯಲ್ಲಿದೆ. ಹೆಚ್ಚು ಕರೆಂಟು ಹರಿದಾಗ ತಾನು ಕರಗಿ ಮನೆಯನ್ನು ಉಳಿಸಲಿ ಎಂದೇ ಆ ಸಣ್ಣ ತಂತಿ ಇರುವುದು; ದಪ್ಪ ತಂತಿ ಹಾಕಿದರೆ ಕರಗುವುದು ಗೋಡೆಯೊಳಗಿನ ವೈರು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ, ಬಟ್ಟೆ ಒಣಗಿಸುವ ತಂತಿಯನ್ನು ಸರ್ವಿಸ್ ವೈರಿನ ಹತ್ತಿರ, ಕರೆಂಟು ಕಂಬಕ್ಕೆ ಕಟ್ಟಬೇಡಿ. ಅರ್ತ್ ಗುಂಡಿ ಹಿತ್ತಿಲಲ್ಲಿ ಎಲ್ಲಿದೆ ಎಂದು ಹುಡುಕಿ, ಬೇಸಿಗೆಯಲ್ಲಿ ಆಗಾಗ ಅದಕ್ಕೆ ಒಂದೆರಡು ಬಿಂದಿಗೆ ನೀರು ಹಾಕಿ.